ಪ್ರಸ್ತಾರದಿಂದ ವಿತರಣೆಗೆ: ಸಂಖ್ಯಾಶಾಸ್ತ್ರ ಬೋಧನೆಯನ್ನು ಕುರಿತು ಕೆಲವು ವಿಚಾರಗಳು

1

ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬೋಧಿಸುವ ಪ್ರಶ್ನೆ ಬಂದಾಗಲೆಲ್ಲ ಚರ್ಚೆಯು ಪಾರಿಭಾಷಿಕ ಪದಗಳ ಹತ್ತಿರ ಬಂದು ನಿಂತುಬಿಡುವುದು ವಾಡಿಕೆಯಾಗಿದೆ. ಇಂಗ್ಲಿಷಿನ ಪದಕ್ಕೆ ಸರಿಹೊಂದುವ ಒಂದು ಸಂಸ್ಕೃತ ಸಮಾಸವನ್ನು ಟಂಕಿಸಿದರೆ ಕೆಲಸ ಮುಗಿಯಿತೆಂದು ನಂಬುವವರು ಕೆಲವರು. ಅಂತಹ ಪದಗಳು ಮೂಲಕ್ಕಿಂತಲೂ ಕಠಿಣವೆಂದು ಹಾಸ್ಯಮಾಡಿ ಇಂಗ್ಲಿಷಿಗೇ ಶರಣಾಗುವವರು ಹಲವರು. ಪದವನ್ನು ಕೊಟ್ಟರೆ ಪದಾರ್ಥವನ್ನೂ ಕೊಟ್ಟಂತಾಯಿತೆಂಬ ಭಾವನೆ ಈ ಎರಡೂ ಪಕ್ಷಗಳಲ್ಲಿದೆ. ವಿದ್ಯಾರ್ಥಿಯ ತೊಡಕು ಮಾತ್ರ ಹಾಗೆಯೇ ಉಳಿಯುತ್ತದೆ.

ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿ ಬರುವ ‘ಯಾದೃಚ್ಛಿಕ ಚಲಕ’ ಎಂಬ ಪದವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಕೆಲವರು ಇದನ್ನು ‘ಯಾದೃಚ್ಛಿಕ ಚರ’ ಎನ್ನುತ್ತಾರೆ. ತೆಲುಗಿನಲ್ಲಿ ಇದು ‘ಯಾದೃಚ್ಛಿಕ ಚಲರಾಶಿ’. ಚಲಕವೆಂದರೂ ಚರವೆಂದರೂ ಚಲಿಸುವುದು ಎಂಬ ಅರ್ಥವೇ ಮುಂದೆ ನಿಲ್ಲುತ್ತದೆ. ಆದುದರಿಂದ ಮನಬಂದಂತೆ ಅಲೆದಾಡುವ ಯಾವುದೋ ಒಂದು ಸಂಖ್ಯೆ ಎಂದು ವಿದ್ಯಾರ್ಥಿ ಭಾವಿಸುತ್ತಾನೆ. ವಸ್ತುತಃ ಅದು ಅಲೆದಾಡುವ ಸಂಖ್ಯೆಯಲ್ಲ. ಒಂದು ಪ್ರಯೋಗದಿಂದ ಏನೇನು ಫಲ ದೊರೆಯಬಹುದೋ ಆ ಪ್ರತಿಯೊಂದು ಫಲಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸುವ ನಿಯಮವೇ ಯಾದೃಚ್ಛಿಕ ಚಲಕ. ನಿಯಮ ಸ್ಥಿರವಾದುದು, ಅನಿಶ್ಚಿತವಾದುದು ಪ್ರಯೋಗದ ಫಲ. ಇಂಗ್ಲಿಷಿನ ಮೂಲಪದವೂ ಇದೇ ಭ್ರಾಂತಿಯನ್ನು ಹುಟ್ಟಿಸುತ್ತದೆಯಾದ್ದರಿಂದ ಮಾಧ್ಯಮವನ್ನು ಬದಲಾಯಿಸಿದ ಮಾತ್ರಕ್ಕೆ ಈ ತೊಡಕು ನಿವಾರಣೆಯಾಗದು.

ಕನ್ನಡ ವಿಭಾಗವೊಂದರ ಸಂಸ್ಮರಣ ಸಂಪುಟದಲ್ಲಿ ಸಂಖ್ಯಾಶಾಸ್ತ್ರಕ್ಕೇನು ಕೆಲಸ ಎಂಬ ಪ್ರಶ್ನೆ ಏಳುವುದು ಸಹಜ. ಹೈದರಾಬಾದಿನಂತಹ ನಗರದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಅರ್ಥವಿದೆ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಂದಲೂ ನಾರಾಯಣಪೇಟೆ, ಜಹೀರಾಬಾದಿನ ಕಡೆಯಿಂದಲೂ ಇಲ್ಲಿಗೆ ಓದಲು ಬರುವ ಕನ್ನಡ ವಿದ್ಯಾರ್ಥಿ ಬೀದಿಯಲ್ಲಿ ತೆಲುಗನ್ನೂ ದಖನಿಯನ್ನೂ ಆಡುತ್ತಾನೆ, ತರಗತಿಯಲ್ಲಿ ಇಂಗ್ಲಿಷನ್ನು ಕೇಳುತ್ತಾನೆ. ಕನ್ನಡವು ಅವನಿಗೆ ಮನೆಯ ಮಾತಾಗಿ ಉಳಿಯುತ್ತದೆಯೇ ಹೊರತು ಆಲೋಚನೆಯ ಸಾಧನವಾಗಿ ಉಳಿಯುವುದಿಲ್ಲ. ಶಾಲೆಯಲ್ಲಿ ಗುರು ಲಘು ಹಾಕಿ ಗಣವಿಭಾಗ ಮಾಡಿ ಬಂದ ಅದೇ ವಿದ್ಯಾರ್ಥಿಗೆ, ಸಂಭವನೀಯತೆಯ ಮೊದಲ ಪಾಠದ ಮುಖ್ಯ ಸಾಮಗ್ರಿಯೆಲ್ಲ ತನಗೆ ಆಗಲೇ ತಿಳಿದಿದೆಯೆಂದು ಯಾರೂ ಹೇಳುವುದಿಲ್ಲ. ಇದನ್ನು ಹೇಳುವ ಹೊಣೆ ಕನ್ನಡ ಅಧ್ಯಾಪಕರದೂ ಹೌದು ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ವಿಚಾರ.

2

ಅಕ್ಷರಗಣಗಳು ಎಂಟು: ಮ, ನ, ಭ, ಯ, ಜ, ರ, ಸ, ತ. ಮೂರು ಅಕ್ಷರಗಳ ಸ್ಥಾನದಲ್ಲಿ ಗುರು ಅಥವಾ ಲಘು ಬರಬಹುದಾದ್ದರಿಂದ ಎರಡನ್ನು ಮೂರು ಬಾರಿ ಗುಣಿಸಿ ಎಂಟು ರೂಪಗಳು ದೊರೆಯುತ್ತವೆ. ಒಂದೂ ಬಿಡದಂತೆ, ಯಾವುದೂ ಎರಡು ಸಲ ಬಾರದಂತೆ ಇವನ್ನು ಕ್ರಮವಾಗಿ ಬರೆಯುವ ವಿಧಾನವೇ ಪ್ರಸ್ತಾರ. ಸಂಖ್ಯಾಶಾಸ್ತ್ರಜ್ಞರು ಫಲಿತಗಣವೆಂದು ಕರೆಯುವುದು ಇಂತಹ ಸಂಪೂರ್ಣ ಪಟ್ಟಿಯನ್ನೇ.

ಈಗ ಎಂಟು ಗಣಗಳ ಹೆಸರನ್ನು ಎಂಟು ಚೀಟಿಗಳಲ್ಲಿ ಬರೆದು, ಕಲಸಿ, ಒಂದನ್ನು ಎತ್ತಲಾಗುತ್ತದೆ ಎಂದಿಟ್ಟುಕೊಳ್ಳೋಣ. ಯಾವ ಚೀಟಿ ಬರುವುದೆಂಬುದು ಯದೃಚ್ಛೆಗೆ ಬಿಟ್ಟದ್ದು. ಬಂದ ಗಣದಲ್ಲಿ ಎಷ್ಟು ಗುರುಗಳಿವೆಯೆಂಬ ಎಣಿಕೆಯನ್ನು ‘ಗುರುಸಂಖ್ಯೆ’ ಎನ್ನಬಹುದು. ನಗಣಕ್ಕೆ 0, ಭ, ಜ, ಸಗಣಗಳಿಗೆ 1, ಯ, ರ, ತಗಣಗಳಿಗೆ 2, ಮಗಣಕ್ಕೆ 3. ಈ ಗುರುಸಂಖ್ಯೆಯೇ ಒಂದು ಯಾದೃಚ್ಛಿಕ ಚಲಕ. ಭಗಣಕ್ಕೆ 1 ಎಂಬುದು ಇಂದೂ ನಾಳೆಯೂ 1 ಆಗಿಯೇ ಇರುತ್ತದೆ. ಅದರಲ್ಲಿ ಅನಿಶ್ಚಿತವಾದುದು ಏನೂ ಇಲ್ಲ. ಕೈಗೆ ಬರುವ ಚೀಟಿ ಮಾತ್ರ ಅನಿಶ್ಚಿತ. ಭ, ಜ, ಸಗಣಗಳು ಬೇರೆ ಬೇರೆಯಾದರೂ ಗುರುಸಂಖ್ಯೆಯ ದೃಷ್ಟಿಯಿಂದ ಒಂದೇ ಎಂಬುದನ್ನೂ ಗಮನಿಸಬೇಕು. ಹೀಗೆ ಚಲಕವು ಕೆಲವು ಭೇದಗಳನ್ನು ಬಿಟ್ಟುಕೊಟ್ಟು ಬೇಕಾದ ಒಂದು ಗುಣವನ್ನಷ್ಟೇ ಉಳಿಸಿಕೊಳ್ಳುತ್ತದೆ.

ಎಂಟು ಚೀಟಿಗಳಿಗೂ ಸಮಾನ ಅವಕಾಶವಿರುವುದರಿಂದ ಗುರುಸಂಖ್ಯೆ 0 ಬರುವ ಸಂಭವನೀಯತೆ 1/8, 1 ಬರುವುದು 3/8, 2 ಬರುವುದು 3/8, 3 ಬರುವುದು 1/8. ಒಟ್ಟು 1. ಚಲಕವು ಪಡೆಯಬಹುದಾದ ಬೆಲೆಗಳು ಯಾವುವು, ಒಂದೊಂದಕ್ಕೂ ಎಷ್ಟೆಷ್ಟು ಸಂಭವನೀಯತೆ ಹಂಚಿಕೆಯಾಗಿದೆ ಎಂಬುದನ್ನು ತಿಳಿಸುವ ಈ ಪಟ್ಟಿಯೇ ಸಂಭವನೀಯತಾ ವಿತರಣೆ. ‘ವಿತರಣೆ’ ಎಂಬ ಪದಕ್ಕೆ ಹಂಚಿಕೆ ಎಂಬ ಸರಳಾರ್ಥವೇ ಇಲ್ಲಿ ಸಾಕಾಗುತ್ತದೆ. ಬೆಲೆಗಳನ್ನು ಅವುಗಳ ಸಂಭವನೀಯತೆಯಿಂದ ಗುಣಿಸಿ ಕೂಡಿದರೆ 1.5 ಬರುತ್ತದೆ, ಇದು ನಿರೀಕ್ಷಿತ ಮೌಲ್ಯ. ಯಾವ ಗಣದಲ್ಲಿಯೂ ಒಂದೂವರೆ ಗುರು ಇರುವುದಿಲ್ಲವಾದ್ದರಿಂದ, ನಿರೀಕ್ಷಿತ ಮೌಲ್ಯವೆಂದರೆ ಮುಂದಿನ ಸಲ ಬರುವ ಬೆಲೆಯಲ್ಲ, ಬಹುಸಲ ಎತ್ತಿದಾಗ ತಲುಪುವ ಸರಾಸರಿ ಎಂಬುದೂ ಇಲ್ಲಿಯೇ ಸ್ಪಷ್ಟವಾಗುತ್ತದೆ.

ಅದೇ ಚೀಟಿಗಳಿಂದ ಇನ್ನೊಂದು ಚಲಕವನ್ನೂ ಪಡೆಯಬಹುದು. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆಯಂತೆ ಎಣಿಸಿದರೆ ನಗಣಕ್ಕೆ 3, ಮಗಣಕ್ಕೆ 6, ಉಳಿದವಕ್ಕೆ 4 ಅಥವಾ 5 ಮಾತ್ರೆಗಳಾಗುತ್ತವೆ. ಗುರುಸಂಖ್ಯೆಗೆ ಮೂರನ್ನು ಸೇರಿಸಿದರೆ ಮಾತ್ರಾಸಂಖ್ಯೆ. ಒಂದೇ ಪ್ರಯೋಗದ ಮೇಲೆ ಎರಡು ಚಲಕಗಳು ಹೇಗೆ ನಿಲ್ಲುತ್ತವೆ, ಒಂದು ಚಲಕದಿಂದ ಇನ್ನೊಂದು ಹೇಗೆ ಹುಟ್ಟುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ದೊರೆಯುವುದು ಕಷ್ಟ.

3

1, 3, 3, 1 ಎಂಬ ಎಣಿಕೆ ಆಕಸ್ಮಿಕವಲ್ಲ. ನಾಲ್ಕು ಅಕ್ಷರಗಳಿಗೆ ಪ್ರಸ್ತಾರ ಮಾಡಿದರೆ 16 ರೂಪಗಳು 1, 4, 6, 4, 1 ಎಂದು ಹಂಚಿಹೋಗುತ್ತವೆ. ಛಂದಶ್ಶಾಸ್ತ್ರದ ಷಟ್ಪ್ರತ್ಯಯಗಳಲ್ಲಿ ‘ಏಕದ್ವ್ಯಾದಿಲಗಕ್ರಿಯೆ’ ಎಂಬುದೊಂದಿದೆ. ಒಂದು, ಎರಡು ಮೊದಲಾಗಿ ಇಂತಿಷ್ಟೇ ಗುರು ಅಥವಾ ಲಘುಗಳುಳ್ಳ ರೂಪಗಳು ಎಷ್ಟೆಂದು ಪ್ರಸ್ತಾರವನ್ನು ಬರೆಯದೆಯೇ ತಿಳಿಯುವ ಉಪಾಯವದು. ಪಿಂಗಲನ ಛಂದಸ್ಸೂತ್ರಕ್ಕೆ ಹತ್ತನೆಯ ಶತಮಾನದ ಹಲಾಯುಧನು ಬರೆದ ‘ಮೃತಸಂಜೀವನಿ’ ವ್ಯಾಖ್ಯಾನದಲ್ಲಿ ಈ ಸಂಖ್ಯೆಗಳನ್ನು ಮೇರುಪ್ರಸ್ತಾರವಾಗಿ, ಮೇಲಿನ ಎರಡು ಮನೆಗಳ ಮೊತ್ತವನ್ನು ಕೆಳಗಿನ ಮನೆಯಲ್ಲಿ ಬರೆಯುತ್ತ ಹೋಗುವ ಕ್ರಮದಲ್ಲಿ, ವಿವರಿಸಲಾಗಿದೆ. ಹಲಾಯುಧನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು ಅನಂತರ ಮಾಲವದ ಮುಂಜನ ಬಳಿಗೆ ಹೋದನೆಂದು ವಿದ್ವಾಂಸರು ಗುರುತಿಸುತ್ತಾರೆ. ಅವನಿಗೂ ಒಂದು ಶತಮಾನ ಮೊದಲು, ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ತನ್ನ ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದ ಮಹಾವೀರಾಚಾರ್ಯನು, ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಕೃತಿಗಳನ್ನು ರಚಿಸಿದನು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಮಳಖೇಡ, 1956ರವರೆಗೆ ಹೈದರಾಬಾದು ರಾಜ್ಯಕ್ಕೇ ಸೇರಿತ್ತೆಂಬುದು ಈ ನಗರದ ವಿದ್ಯಾರ್ಥಿಗಳಿಗೆ ನೆನಪಿರಬೇಕಾದ ಸಂಗತಿ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂಬ ಉತ್ಸಾಹದ ಮಾತು ಸಂಶೋಧನೆಯಲ್ಲ. ಛಂದಶ್ಶಾಸ್ತ್ರಕಾರರು ರೂಪಗಳನ್ನು ಎಣಿಸಿದರು. ಒಂದು ರೂಪ ಬರುವ ಸಂಭವವೆಷ್ಟು ಎಂದು ಅವರು ಕೇಳಲಿಲ್ಲ. ಆ ಪ್ರಶ್ನೆಯ ಗಣಿತ ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಜೂಜಿನ ಸಮಸ್ಯೆಗಳ ಸುತ್ತ ಬೆಳೆಯಿತು. ಎಣಿಕೆ ಮತ್ತು ಸಂಭವನೀಯತೆಗಳ ನಡುವಿನ ಈ ಅಂತರವನ್ನು ಮರೆಮಾಡದೆ, ಅದನ್ನೇ ಪಾಠವಾಗಿ ಬಳಸಿಕೊಳ್ಳಬಹುದು. ಒಂದೊಂದು ಅಕ್ಷರವೂ ಗುರುವಾಗುವ ಸಂಭವ ಅರ್ಧವಲ್ಲ, ಮೂರರಲ್ಲೊಂದು ಎಂದು ಭಾವಿಸೋಣ. ಆಗ ನಗಣದ ಸಂಭವನೀಯತೆ 8/27, ಒಂದೇ ಗುರುವಿರುವ ಮೂರು ಗಣಗಳಿಗೆ ಒಟ್ಟು 12/27, ಎರಡು ಗುರುಗಳ ಮೂರಕ್ಕೆ 6/27, ಮಗಣಕ್ಕೆ 1/27. 1, 3, 3, 1 ಎಂಬ ಎಣಿಕೆ ಪ್ರಸ್ತಾರದಿಂದ ಬಂತು. 8, 4, 2, 1 ಎಂಬ ತೂಕ ಸಂಭವನೀಯತೆಯಿಂದ ಬಂತು. ಇವೆರಡರ ಗುಣಾಕಾರವೇ ದ್ವಿಪದ ವಿತರಣೆ. ಸೂತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಅದರ ಎರಡು ಅಂಗಗಳು ಎಲ್ಲಿಂದ ಬಂದವೆಂಬುದು ಹೀಗೆ ಕಣ್ಣಿಗೆ ಕಾಣುತ್ತದೆ.

ಸಾಲು ಉದ್ದವಾದಂತೆ ಇನ್ನೊಂದು ವಿಶೇಷ ತಲೆದೋರುತ್ತದೆ. ಇಪ್ಪತ್ತು ಅಕ್ಷರಗಳ ಪಾದಕ್ಕೆ 10,48,576 ರೂಪಗಳಿವೆ. ಕನ್ನಡ ಕವಿಗಳಿಗೆ ಪ್ರಿಯವಾದ ಉತ್ಪಲಮಾಲೆಯೂ ಮತ್ತೇಭವಿಕ್ರೀಡಿತವೂ ಇವುಗಳಲ್ಲಿ ಎರಡು. ಮೊದಲನೆಯದರ ಗುರುಸಂಖ್ಯೆ 8, ಎರಡನೆಯದರದು 10. ಎಂಟು ಗುರುಗಳುಳ್ಳ ರೂಪಗಳು 1,25,970 ಇದ್ದರೆ ಹತ್ತು ಗುರುಗಳುಳ್ಳವು 1,84,756. ಎಲ್ಲವೂ ಗುರುವಾದ ರೂಪ ಒಂದೇ ಒಂದು. ಎಲ್ಲ ರೂಪಗಳಲ್ಲಿ ನೂರಕ್ಕೆ ಸುಮಾರು 74ರಷ್ಟು, 8ರಿಂದ 12 ಗುರುಗಳ ನಡುವೆಯೇ ಸೇರಿಕೊಂಡಿವೆ. ನಡುವೆ ಉಬ್ಬಿ ಎರಡೂ ಕಡೆಗೆ ಇಳಿಯುವ ಈ ಆಕಾರ ಅಕ್ಷರಸಂಖ್ಯೆ ಹೆಚ್ಚಿದಂತೆಲ್ಲ ನಯವಾಗುತ್ತ ಹೋಗಿ ಗಂಟೆಯಾಕಾರದ ವಕ್ರರೇಖೆಗೆ ಸಮೀಪಿಸುತ್ತದೆ. 1733ರಲ್ಲಿ ದ ಮಾವ್ರ್ ಎಂಬ ಗಣಿತಜ್ಞನು ಕಂಡುಕೊಂಡ ಈ ವಕ್ರರೇಖೆಯೇ ಪ್ರಸಾಮಾನ್ಯ ವಿತರಣೆ. ಅದನ್ನು ಆಕಾಶದಿಂದ ಇಳಿದ ಸೂತ್ರವೆಂಬಂತೆ ಕಪ್ಪುಹಲಗೆಯ ಮೇಲೆ ಬರೆಯುವುದಕ್ಕೂ ಪಾದದ ಅಕ್ಷರಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ತಲುಪಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

4

ಎಲ್ಲ ವಿತರಣೆಗಳನ್ನೂ ಛಂದಸ್ಸಿನಿಂದಲೇ ಎಳೆದು ತರಬೇಕೆಂಬ ಹಟ ಬೇಡ. ಕಾದು ನೋಡುವ ಸಂದರ್ಭಗಳಿಗೆ ಸಂಬಂಧಿಸಿದ ಗುಣೋತ್ತರ ವಿತರಣೆಗೆ ಹೈದರಾಬಾದಿನ ಇತಿಹಾಸವೇ ಉದಾಹರಣೆಯನ್ನು ಒದಗಿಸುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಮಡಿದರು. ಮರುವರ್ಷ ನಿಜಾಮ ಸರ್ಕಾರದ ಆಹ್ವಾನದ ಮೇಲೆ ಬಂದ ಎಂ. ವಿಶ್ವೇಶ್ವರಯ್ಯನವರು, ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಸಲಹೆ ಮಾಡಿದರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ರೂಪುಗೊಂಡವು. ಪ್ರವಾಹಗಳನ್ನು ವಿತರಣೆಯ ಭಾಷೆಯಲ್ಲಿ ಅಳೆಯುವ ಪದ್ಧತಿ ಆಗ ಇನ್ನೂ ರೂಢಿಗೆ ಬಂದಿರಲಿಲ್ಲ. ಇಂದು ಪತ್ರಿಕೆಗಳಲ್ಲಿ ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತು ಸಾಮಾನ್ಯ. ಒಮ್ಮೆ ಬಂದು ಹೋದರೆ ಇನ್ನು ನೂರು ವರ್ಷ ಭಯವಿಲ್ಲವೆಂದು ಅನೇಕರು ಅದನ್ನು ಅರ್ಥಮಾಡಿಕೊಳ್ಳುತ್ತಾರೆ. ಆ ಮಾತಿನ ನಿಜವಾದ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಂಭವನೀಯತೆ 1/100 ಎಂದು. ವರ್ಷವರ್ಷಕ್ಕೂ ಅದೇ ಸಂಭವ, ಹಿಂದಿನ ವರ್ಷದ ಪ್ರಭಾವವಿಲ್ಲ ಎಂದಿಟ್ಟುಕೊಂಡರೆ, ನೂರು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಸುಮಾರು 63. ನದಿಯ ದಂಡೆಯಲ್ಲಿ ಮನೆ ಕಟ್ಟಿ ಮೂವತ್ತು ವರ್ಷ ವಾಸಿಸುವವನಿಗೆ ಸುಮಾರು 26. ಕೆರೆಗಳು ಮುಚ್ಚಿ, ನೆಲವೆಲ್ಲ ಕಾಂಕ್ರೀಟಾದರೆ 1/100 ಎಂಬ ಆ ಮೂಲಸಂಖ್ಯೆಯೇ ಬದಲಾಗುತ್ತದೆ. 2020ರ ಅಕ್ಟೋಬರಿನಲ್ಲಿ ಮತ್ತೆ ನೀರಿನಲ್ಲಿ ಮುಳುಗಿದ ಈ ನಗರದಲ್ಲಿ ವಿತರಣೆಯ ಜ್ಞಾನ ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ್ದಲ್ಲ.

ವಿರಳ ಘಟನೆಗಳ ಎಣಿಕೆಗೆ ಒದಗುವ ಪಾಯ್ಸಾನ್ ವಿತರಣೆ ಕನ್ನಡ ಸಂಶೋಧಕರಿಗೆ ನೇರವಾಗಿ ಬೇಕಾದದ್ದು. ಒಂದು ಪದಪ್ರಯೋಗ ಪುಟಕ್ಕೆ ಸರಾಸರಿ ಎರಡು ಬಾರಿ ಬರುತ್ತದೆ ಎಂದುಕೊಂಡರೆ, ಈ ವಿತರಣೆಯ ಪ್ರಕಾರ ಅದು ಒಮ್ಮೆಯೂ ಬಾರದ ಪುಟಗಳು ನೂರರಲ್ಲಿ ಹದಿಮೂರೋ ಹದಿನಾಲ್ಕೋ ಇರುತ್ತವೆ. ಅಂದಮೇಲೆ ಒಂದು ಚಿಕ್ಕ ಭಾಗದಲ್ಲಿ ಆ ಪ್ರಯೋಗ ಕಾಣಲಿಲ್ಲವೆಂದು ಅದನ್ನು ಪ್ರಕ್ಷಿಪ್ತವೆನ್ನುವ ತೀರ್ಮಾನ ಎಷ್ಟು ದುರ್ಬಲವೆಂಬುದು ತಿಳಿಯುತ್ತದೆ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ವಾದದಿಂದ ಹಿಡಿದು ವಚನಗಳ ಅಂಕಿತ ಮತ್ತು ಪಾಠಗಳ ಸಮಸ್ಯೆಯವರೆಗೆ ಪದಪ್ರಯೋಗಗಳ ಆಧಾರದ ಮೇಲೆ ನಿಲ್ಲುವ ವಾದಗಳು ನಮ್ಮಲ್ಲಿ ಕಡಮೆಯಿಲ್ಲ. ಅಮೆರಿಕದ ಫೆಡರಲಿಸ್ಟ್ ಲೇಖನಗಳಲ್ಲಿ ಕರ್ತೃತ್ವ ವಿವಾದಕ್ಕೊಳಗಾದ ಹನ್ನೆರಡನ್ನು ಮಾಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದೇ ಬಗೆಯ ವಿತರಣೆಗಳ ನೆರವಿನಿಂದ ಪರಿಶೀಲಿಸಿ 1964ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅವರು ಆಶ್ರಯಿಸಿದ್ದು ವಿಷಯಕ್ಕೆ ಸಂಬಂಧಿಸಿದ ಗಂಭೀರ ಪದಗಳನ್ನಲ್ಲ. ಲೇಖಕನ ಗಮನಕ್ಕೇ ಬಾರದೆ ಉದುರುವ ಸಣ್ಣಪುಟ್ಟ ಪದಗಳನ್ನು.

5

ಈ ಮಾರ್ಗಕ್ಕೆ ಒಂದು ಆಕ್ಷೇಪಣೆ ಬರಬಹುದು. ಕವಿ ನಾಣ್ಯ ಚಿಮ್ಮಿ ಗುರು ಲಘುಗಳನ್ನು ಇಡುವುದಿಲ್ಲ. ಭಾಷೆಯ ಅಕ್ಷರಗಳು ಒಂದಕ್ಕೊಂದು ಹೊಂದಿಕೊಂಡು ಬರುತ್ತವೆ. ಆದ್ದರಿಂದ ಕಾವ್ಯಕ್ಕೂ ಯದೃಚ್ಛೆಗೂ ಸಂಬಂಧವೆಲ್ಲಿಯದು ಎಂಬುದು ಆ ಆಕ್ಷೇಪಣೆ. ಇದು ನ್ಯಾಯವಾದುದೇ. ರಷ್ಯದ ಗಣಿತಜ್ಞ ಮಾರ್ಕೊವ್ 1913ರಲ್ಲಿ ಪುಷ್ಕಿನ್ನನ ‘ಯೆವ್ಗೆನಿ ಒನ್ಯೇಗಿನ್’ ಕಾವ್ಯದ 20,000 ಅಕ್ಷರಗಳನ್ನು ಎಣಿಸಿ ತೋರಿಸಿದ್ದು ಇದನ್ನೇ. ಒಟ್ಟಿನಲ್ಲಿ ಸ್ವರಗಳು ನೂರಕ್ಕೆ ಸುಮಾರು 43. ಆದರೆ ಸ್ವರವಾದ ಮೇಲೆ ಮತ್ತೆ ಸ್ವರ ಬರುವುದು ನೂರಕ್ಕೆ 13ರಷ್ಟು ಮಾತ್ರ, ವ್ಯಂಜನವಾದ ಮೇಲೆ ಬರುವುದು 66ರಷ್ಟು. ಅಕ್ಷರಗಳು ಪರಸ್ಪರ ಸ್ವತಂತ್ರವಲ್ಲವೆಂಬ ಈ ಅವಲೋಕನದಿಂದ ಸಂಭವನೀಯತೆಯ ಒಂದು ಹೊಸ ಶಾಖೆಯೇ ಬೆಳೆಯಿತು. ಹೀಗಾಗಿ ದ್ವಿಪದ ವಿತರಣೆಯನ್ನು ಕಾವ್ಯದ ವರ್ಣನೆಯೆಂದು ತಿಳಿಯಬಾರದು. ಕವಿ ಯದೃಚ್ಛೆಯಿಂದ ಎಷ್ಟು ದೂರ ಸರಿದಿದ್ದಾನೆಂದು ಅಳೆಯಲು ಇಟ್ಟುಕೊಂಡ ಒಂದು ಗೆರೆ ಅದು. ಗೆರೆಯಿಲ್ಲದಿದ್ದರೆ ದೂರವನ್ನು ಹೇಳುವುದು ಸಾಧ್ಯವಿಲ್ಲ.

ಕನ್ನಡ ವಿದ್ವಾಂಸನಿಗೆ ಇಲ್ಲಿ ಇನ್ನೊಂದು ಕೆಲಸವೂ ಇದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಸಾಮಾನ್ಯ ನಿಯಮ; ಶಿಥಿಲದ್ವಿತ್ವದಲ್ಲಿ ಅದು ಲಘುವಾಗಿ ನಿಲ್ಲಬಹುದು. ಹಾಗಾದರೆ ಹಳಗನ್ನಡ ಪದ್ಯವೊಂದರ ಗುರುಸಂಖ್ಯೆ ಎಷ್ಟು? ಶಿಥಿಲದ್ವಿತ್ವವನ್ನು ಅರಿಯದ ಗಣಿತಜ್ಞನೂ ಅದನ್ನರಿಯದ ಯಂತ್ರವೂ ತಪ್ಪು ಬೆಲೆಯನ್ನೇ ದಾಖಲಿಸುತ್ತವೆ. ಚಲಕವೆಂದರೆ ನಿಯಮವೆಂದು ಹಿಂದೆ ಹೇಳಿದ ಮಾತು ಇಲ್ಲಿ ಸಾರ್ಥಕವಾಗುತ್ತದೆ. ನಿಯಮವನ್ನು ಸರಿಯಾಗಿ ಗೊತ್ತುಪಡಿಸುವ ಅಧಿಕಾರ ಆ ಶಾಸ್ತ್ರವನ್ನು ಬಲ್ಲವನದು. ಗೊತ್ತುಪಡಿಸಿದ ಮೇಲೆ ಹಂಚಿಕೆಯನ್ನು ಲೆಕ್ಕಹಾಕುವ ಅಧಿಕಾರ ಸಂಖ್ಯಾಶಾಸ್ತ್ರಜ್ಞನದು. ಎರಡು ವಿಭಾಗಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬೇಕಾದ ಸ್ಥಳ ಇದು.

6

ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ನೀಡುವ ದೊಡ್ಡ ಪ್ರಯೋಗವೊಂದು ಹೈದರಾಬಾದಿನಲ್ಲಿಯೇ ನಡೆದಿದೆ. 1917ರಲ್ಲಿ ಸ್ಥಾಪನೆಯಾದ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯೂ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿ ವಿಜ್ಞಾನ, ವೈದ್ಯ, ತಂತ್ರಶಾಸ್ತ್ರಗಳನ್ನು ಕಲಿಸಬಹುದೆಂದು ತೋರಿಸಿಕೊಟ್ಟವು. ಅಪಾರವಾದ ಪರಿಭಾಷೆ ಸಿದ್ಧವಾಯಿತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಮಾಧ್ಯಮ ಇಂಗ್ಲಿಷಿಗೆ ತಿರುಗಿತು. ಆ ಪರಿಭಾಷೆಯ ಬಹುಭಾಗ ಗ್ರಂಥಾಲಯದ ಕಪಾಟುಗಳಲ್ಲಿ ಉಳಿಯಿತು. ರಾಜಕೀಯ ಕಾರಣಗಳು ಇದಕ್ಕೆ ಮುಖ್ಯವೆಂಬುದು ನಿಜ. ಉರ್ದು ಆ ಸಂಸ್ಥಾನದ ಬಹುಪಾಲು ಜನರ ಮನೆಮಾತಾಗಿರಲಿಲ್ಲವೆಂಬುದೂ, ಕನ್ನಡ, ತೆಲುಗು, ಮರಾಠಿ ಮಕ್ಕಳಿಗೆ ಅದೂ ಕಲಿತ ಭಾಷೆಯೇ ಆಗಿತ್ತೆಂಬುದೂ ಅಷ್ಟೇ ನಿಜ. ಜನರ ಬಾಯಲ್ಲಿ ಬೇರೂರದ ಪರಿಭಾಷೆ ಆಶ್ರಯ ತಪ್ಪಿದ ಕೂಡಲೇ ಬಾಡುತ್ತದೆಂಬ ಪಾಠ ಇದರಲ್ಲಿದೆ. ಈ ಪಾಠ ಕನ್ನಡದ ಪದಕೋಶಗಳಿಗೂ ಅನ್ವಯಿಸುತ್ತದೆ.

ಆದುದರಿಂದ ಬೋಧನೆಯ ಕ್ರಮವನ್ನು ತಿರುವುಮುರುವು ಮಾಡುವುದು ಲೇಸು. ಮೊದಲು ಪ್ರಸ್ತಾರ, ಆಮೇಲೆ ಎಣಿಕೆ, ಆಮೇಲೆ ತೂಕ, ಕೊನೆಗೆ ಪರಿಭಾಷೆ. ಎಂಟು ಚೀಟಿಗಳನ್ನು ಎತ್ತಿ ನೋಡಿದ ವಿದ್ಯಾರ್ಥಿಗೆ ‘ಯಾದೃಚ್ಛಿಕ ಚಲಕ’ ಎಂದರೂ ಒಂದೇ, ಇಂಗ್ಲಿಷಿನ ಪದವನ್ನು ಹೇಳಿದರೂ ಒಂದೇ. ಎರಡೂ ಅವನಿಗೆ ತಿಳಿದ ವಸ್ತುವಿನ ಹೆಸರುಗಳಾಗುತ್ತವೆ. ಇದಕ್ಕಾಗಿ ಹೊಸ ಪಠ್ಯಕ್ರಮವೂ ಅನುದಾನವೂ ಬೇಕಾಗಿಲ್ಲ. ಸಂಖ್ಯಾಶಾಸ್ತ್ರದ ಪ್ರವೇಶ ತರಗತಿಯಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ ಕೆಲವು ಗಂಟೆಗಳ ಪೂರಕ ಪಾಠ, ಕನ್ನಡ ಸ್ನಾತಕೋತ್ತರ ತರಗತಿಯ ಛಂದಸ್ಸಿನ ಪತ್ರಿಕೆಯಲ್ಲಿ ಷಟ್ಪ್ರತ್ಯಯಗಳ ಜೊತೆಗೆ ವಿತರಣೆಯ ಪರಿಚಯ, ಒಂದು ಕಾವ್ಯದ ಗುರುಸಂಖ್ಯೆಯನ್ನು ಎರಡೂ ವಿಭಾಗದ ವಿದ್ಯಾರ್ಥಿಗಳು ಕೂಡಿ ಎಣಿಸುವ ಒಂದು ಅಭ್ಯಾಸ: ಇಷ್ಟರಿಂದ ಆರಂಭಿಸಬಹುದು. ಷಟ್ಪ್ರತ್ಯಯಗಳು ಪರೀಕ್ಷೆಗೆ ಮಾತ್ರ ಉಳಿದ ಒಣ ಪ್ರಕರಣವೆಂದು ಕೈಬಿಡುವ ಪ್ರವೃತ್ತಿ ಕನ್ನಡ ವಿಭಾಗಗಳಲ್ಲಿಯೇ ಇರುವಾಗ ಇದು ಕನ್ನಡಕ್ಕೂ ಆಗಬೇಕಾದ ಉಪಕಾರ.

ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಬಳ್ಳಾರಿ ಸೀಮೆಯ ಹೂವಿನಹಡಗಲಿಯಲ್ಲಿ, ಒಂದು ತೆಲುಗು ಕುಟುಂಬದಲ್ಲಿ. 2023ರಲ್ಲಿ ಅವರು ತೀರಿಕೊಂಡಾಗ ಅವರ ಹೆಸರಿನ ಉನ್ನತ ಅಧ್ಯಯನ ಸಂಸ್ಥೆಯೊಂದು ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ ಕೆಲಸ ಮಾಡುತ್ತಿತ್ತು. ಕನ್ನಡದ ನೆಲ, ತೆಲುಗಿನ ಮನೆ, ಹೈದರಾಬಾದಿನ ಸಂಸ್ಥೆ ಎಂಬ ಈ ಕೂಡುವಿಕೆ ಈ ಪ್ರದೇಶದ ವಿದ್ಯಾಪರಂಪರೆಗೆ ಹೊಸದೇನಲ್ಲ. ಮಾನ್ಯಖೇಟದ ಕಾಲದಲ್ಲಿ ಗಣಿತ, ಛಂದಸ್ಸು, ಕಾವ್ಯಮೀಮಾಂಸೆಗಳು ಒಂದೇ ಆಸ್ಥಾನದ ನೆರಳಿನಲ್ಲಿ ಬೆಳೆದವು. ಇಂದು ಅವು ಒಂದೇ ವಿಶ್ವವಿದ್ಯಾಲಯದ ಬೇರೆ ಬೇರೆ ಕಟ್ಟಡಗಳಲ್ಲಿವೆ. ಆ ಕಟ್ಟಡಗಳ ನಡುವಿನ ದಾರಿಯಲ್ಲಿ ವಿದ್ಯಾರ್ಥಿಗಳು ನಡೆದಾಡುವಂತೆ ಮಾಡುವುದು ಕನ್ನಡ ಅಧ್ಯಾಪಕರು ಕೈಗೊಳ್ಳಬೇಕಾದ ಕಾರ್ಯ.